ನೇಕಾರರ ಓಣಿಯ ಸುಜುಕಿ

ನಾನು ಒಂದು ಮೋಟಾರ್ ಸೈಕಲ್. ಹುಟ್ಟಿದ್ದು 1985ರಲ್ಲಿ, ಹೊಸೂರಿನ ಕಾರ್ಖಾನೆಯಲ್ಲಿ. ಬಣ್ಣ ಕೆಂಪು, ಎಂಜಿನ್ ನೂರು ಸಿಸಿ, ಟ್ಯಾಂಕಿನ ಮೇಲೆ ಇಂಡ್-ಸುಜುಕಿ ಎಂಬ ಹೆಸರು. ನನಗೆ ಸ್ವಲ್ಪ ಜಂಬ ಜಾಸ್ತಿ ಎಂದು ಪಕ್ಕದಲ್ಲಿ ನಿಂತ ಗಾಡಿಗಳೆಲ್ಲ ಹೇಳುತ್ತಿದ್ದವು. ಹೇಳಲಿ. ನನ್ನ ಮನೆತನದ ಕಥೆ ಕೇಳಿದರೆ ನೀವೂ ಅಷ್ಟು ಜಂಬವನ್ನು ಮಾಫಿ ಮಾಡುತ್ತೀರಿ.

ಕಾರ್ಖಾನೆಯ ಸಾಲಿನಲ್ಲಿ ನಾನು ಇನ್ನೂ ಚಕ್ರವಿಲ್ಲದೆ ನಿಂತಿದ್ದೆ. ಅಲ್ಲೊಬ್ಬ ಹಿರಿಯ ಕೆಲಸಗಾರ ಹೊಸಬರಿಗೆ ಕಥೆ ಹೇಳುತ್ತ ನಟ್ಟು ಬಿಗಿಯುತ್ತಿದ್ದ. ಜಪಾನಿನ ಹಮಾಮತ್ಸು ಎಂಬ ಊರಿನಲ್ಲಿ ಬಡಗಿ ಕೆಲಸ ಕಲಿತ ಸುಜುಕಿ ಎಂಬ ಒಬ್ಬ ತರುಣನಿದ್ದನಂತೆ. ತಾಯಿ ನೇಯುವುದನ್ನು ದಿನಾ ನೋಡಿ ನೋಡಿ, ಆಕೆಗೆ ಅನುಕೂಲವಾಗಲೆಂದು ತಾನೇ ಒಂದು ಹೊಸ ಮಗ್ಗ ಮಾಡಿಕೊಟ್ಟನಂತೆ. ಅಕ್ಕಪಕ್ಕದವರು ತಮಗೂ ಬೇಕೆಂದರು. 1909ರಲ್ಲಿ ಅವನ ಮಗ್ಗದ ಕಾರ್ಖಾನೆ ಶುರುವಾಯಿತು. ಅದೇ ನಮ್ಮ ಮನೆ. ನಲವತ್ತು ವರ್ಷಕ್ಕೂ ಮೇಲೆ ನಾವು ಉಂಡದ್ದು ಮಗ್ಗದ ಅನ್ನವನ್ನೇ. ಆಮೇಲೆ 1952ರಲ್ಲಿ ಸೈಕಲ್ಲಿಗೆ ಪುಟ್ಟದೊಂದು ಎಂಜಿನ್ ಕೂರಿಸಿದರು, ಮೂರು ವರ್ಷಕ್ಕೆ ಕಾರೂ ಮಾಡಿದರು. 1962ರಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪದ ರೇಸಿನಲ್ಲಿ ನಮ್ಮ ಮನೆಯ ಐವತ್ತು ಸಿಸಿ ಗಾಡಿ ಮೊದಲು ಬಂದು, ದೊಡ್ಡ ದೊಡ್ಡ ದೇಶದವರು ಮೂಗಿನ ಮೇಲೆ ಬೆರಳಿಡುವಂತೆ ಮಾಡಿತು. ಎಂಬತ್ಮೂರರ ಕೊನೆಗೆ ಭಾರತದ ರಸ್ತೆಗೆ ಇಳಿದ ಪುಟ್ಟ ಮಾರುತಿ ಕಾರು ಇದೆಯಲ್ಲ, ಅದೂ ನಮ್ಮ ಮನೆಯದೇ, ಸಂಬಂಧದಲ್ಲಿ ನನಗೆ ಅಕ್ಕ. ಇಷ್ಟನ್ನು ಕೇಳಿಸಿಕೊಂಡು, ನಾನೂ ಹುಟ್ಟಿದ್ದು ರೇಸು ಗೆಲ್ಲುವುದಕ್ಕೇ ಎಂದು ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ನನ್ನ ಮೊದಲ ಯಜಮಾನನೂ ಹಾಗೆಯೇ ಅಂದುಕೊಂಡಿದ್ದ. ಅವನ ಹೆಸರು ಪ್ರಭುಲಿಂಗ, ಹುಬ್ಬಳ್ಳಿಯ ನೂಲಿನ ವ್ಯಾಪಾರಿಯೊಬ್ಬರ ಮಗ. ನಿಧಾನ ಎಂಬ ಮಾತೇ ಅವನ ಕಿವಿಗೆ ಬಿದ್ದಿರಲಿಲ್ಲ. ನನಗೂ ಅದೇ ಬೇಕಾಗಿತ್ತು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಎರಡು ವರ್ಷ ನಾವು ಮಾಡಿದ ಹಾರಾಟಕ್ಕೆ ಲೆಕ್ಕವಿಲ್ಲ.

ಆ ಹಾರಾಟ ಮುಗಿದದ್ದು ಗುಳೇದಗುಡ್ಡದಲ್ಲಿ. ಕುಪ್ಪಸದ ಖಣಕ್ಕೆ ಹೆಸರಾದ ಊರು ಅದು, ಮನೆಮನೆಯಲ್ಲೂ ಮಗ್ಗ. ಅಲ್ಲಿಯ ನೇಕಾರರ ಓಣಿಯಲ್ಲಿ ಬೆಳಗಿನ ಹೊತ್ತು ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳನ್ನು, ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಾರೆ. ಸಾವಿರಾರು ಎಳೆ ಸೊಂಟದೆತ್ತರಕ್ಕೆ ಬಿಗಿಯಾಗಿ ನಿಂತಿರುತ್ತವೆ. ಪಕ್ಕದಲ್ಲಿ ಒಬ್ಬ ಮನುಷ್ಯ ಹಾಯುವಷ್ಟು ದಾರಿ ಉಳಿದರೆ ಹೆಚ್ಚು. ಹಾಸು ಬಿಟ್ಟಾಗ ಆ ಓಣಿಯಲ್ಲಿ ಎಮ್ಮೆಯೂ ಮೈ ಹಿಡಿದುಕೊಂಡು ನಡೆಯುತ್ತದೆ. ಇದು ಪ್ರಭುಲಿಂಗನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಿರುವಿನಲ್ಲಿ ನಾವು ಗಾಳಿಯಂತೆ ನುಗ್ಗಿದೆವು. ಮರುಕ್ಷಣ ನನ್ನ ಹ್ಯಾಂಡಲಿಗೆ ಹಸಿರು ನೂಲು, ಕನ್ನಡಿಗೆ ಹಸಿರು ನೂಲು, ಪ್ರಭುಲಿಂಗನ ಕೊರಳಿಗೂ ಹಸಿರು ನೂಲು.

ಅದು ರುದ್ರಪ್ಪ ಎಂಬ ನೇಕಾರನ ಹಾಸು. ಓಣಿಯ ಹಿರಿಯರು ಬೈಯಲಿಲ್ಲ, ಹೊಡೆಯಲಿಲ್ಲ. ಹರಿದ ಎಳೆಗಳನ್ನು ಕೂಡಿಸುವ ತನಕ ಕೂತಿರು ಎಂದು ಪ್ರಭುಲಿಂಗನಿಗೆ ಹೇಳಿದರು. ರುದ್ರಪ್ಪನ ಹೆಂಡತಿ ನಿಂಬೆವ್ವ ಅವನ ಎದುರು ಕೂತು ಒಂದೊಂದೇ ಎಳೆ ಗಂಟು ಹಾಕಿದಳು. ಆಕೆ ಇಪ್ಪತ್ತು ಗಂಟು ಹಾಕುವಷ್ಟರಲ್ಲಿ ಅವನದು ಒಂದು, ಅದೂ ಬಿಚ್ಚಿಹೋಗುತ್ತಿತ್ತು. ಎರಡನೆಯ ದಿನ ಸಂಜೆ ಎದ್ದು ನಿಂತಾಗ ಅವನ ಮುಖ ನೋಡುವಂತಿರಲಿಲ್ಲ. ಮಗನ ಪರಾಕ್ರಮದ ಸುದ್ದಿ ತಿಳಿದ ತಂದೆ, ಗಾಡಿ ತಿರುಗಿ ಮನೆಗೆ ಬರುವುದೇ ಬೇಡ ಎಂದು ನನ್ನನ್ನು ರುದ್ರಪ್ಪನಿಗೇ ಅಗ್ಗಕ್ಕೆ ಕೊಟ್ಟುಬಿಟ್ಟರು.

ಹೀಗೆ ಸುಜುಕಿ ಮನೆತನದ ನಾನು ಮಗ್ಗದ ಮನೆಗೆ ಬಂದೆ. ಮೊದಲ ವಾರವೆಲ್ಲ ಮುಖ ಊದಿಸಿಕೊಂಡೇ ಇದ್ದೆ. ಆದರೆ ಪಡಸಾಲೆಯಲ್ಲಿ ನಿಂತು ಒಳಗಿನ ಮಗ್ಗದ ಸಪ್ಪಳ ಕೇಳುತ್ತ ಕೇಳುತ್ತ ಒಂದು ದಿನ ಹೊಳೆಯಿತು, ನಾನು ತವರಿಗೆ ಬಂದಿದ್ದೇನೆ ಎಂದು. ಆಮೇಲೆ ಸಿಟ್ಟು ಉಳಿಯಲಿಲ್ಲ. ಓಣಿಯವರು ಮಾತ್ರ ಮೊದಮೊದಲು ನನ್ನನ್ನು ನಂಬಲಿಲ್ಲ. ಜಪಾನಿನ ಗಾಡಿ ಎಂದರೆ ಮಕ್ಕಳ ಆಟಿಕೆ, ಎರಡು ಮಳೆಗಾಲಕ್ಕೆ ಮುರಿದು ಬೀಳುತ್ತದೆ ಎಂದರು. ನಾನು ವಾದಕ್ಕೆ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದೆ. ರುದ್ರಪ್ಪ ಐದು ವರ್ಷ ನನ್ನ ಮೇಲೆ ಖಣದ ಗಂಟು ಹೇರಿಕೊಂಡು ಬಾದಾಮಿ, ಕೆರೂರು, ಬಾಗಲಕೋಟೆಯ ಅಂಗಡಿಗಳಿಗೆ ಓಡಾಡಿದ. ನಡುವೆ ಒಬ್ಬ ದಲ್ಲಾಳಿಯೂ ಇಲ್ಲದೆ ತನ್ನ ಖಣವನ್ನು ತಾನೇ ಮಾರುವ ಗತ್ತು ಆ ಮನೆಗೆ ಬಂದದ್ದು ನನ್ನಿಂದ. ಆಟಿಕೆ ಎಂದವರೇ ತಮ್ಮ ಮನೆಯ ಮದುವೆಗೆ, ಬಾಣಂತನಕ್ಕೆ ನನ್ನನ್ನು ಎರವಲು ಕೇಳಲು ಬಂದರು.

ಆರನೆಯ ವರ್ಷ ರುದ್ರಪ್ಪ ಮಾಳಿಗೆಯ ಮೇಲೆ ಒಣಹಾಕಿದ ಬಣ್ಣದ ನೂಲು ತೆಗೆಯಲು ಹೋಗಿ ಜಾರಿ ಬಿದ್ದ. ಜೀವ ಉಳಿಯಿತು, ಬಲಗಾಲಿನ ಮಂಡಿ ಮಾತ್ರ ಕೋಲಿನಂತೆ ನೆಟ್ಟಗಾಯಿತು. ಮಗ್ಗದ ಕುಣಿಯಲ್ಲಿ ಇಳಿದು ತುಳಿಯಲು ಎರಡೂ ಕಾಲು ಬೇಕು. ನನ್ನನ್ನು ಕಿಕ್ ಮಾಡಲು, ಬ್ರೇಕ್ ಒತ್ತಲು ಬಲಗಾಲೇ ಬೇಕು. ಎರಡೂ ಅವನ ಕೈತಪ್ಪಿದವು. ಮಗ್ಗಕ್ಕೆ ನಿಂಬೆವ್ವ ಇಳಿದಳು. ನನ್ನ ಮೇಲೆ ಗೋಣಿಚೀಲ ಬಿತ್ತು.

ಹಾಗೇ ನಿಲ್ಲಿಸಿದರೆ ಗಾಡಿ ಕೆಡುತ್ತದೆ, ದಿನಾ ಒಂದು ಸಲ ಚಾಲೂ ಮಾಡಿ ಇಡು ಎಂದು ರುದ್ರಪ್ಪನೇ ಹೆಂಡತಿಗೆ ಹೇಳಿದ. ನಿಂಬೆವ್ವ ಚಾಲೂ ಮಾಡಿದಳು. ನಾಲ್ಕನೆಯ ದಿನ ಹತ್ತಿ ಕೂತಳು. ಇಳಕಲ್ ಸೀರೆಗೆ ಕಚ್ಚೆ ಹಾಕಿ ಉಡುವಾಕೆ, ಹತ್ತಿ ಕೂರಲು ಯಾವ ತೊಂದರೆಯೂ ಆಗಲಿಲ್ಲ. ಕಟ್ಟೆಯ ಮೇಲೆ ಕೂತ ರುದ್ರಪ್ಪ ಗೊಣಗುತ್ತಲೇ ಗೇರು, ಕ್ಲಚ್ಚು ಹೇಳಿಕೊಟ್ಟ. ಓಣಿಯ ಆ ತುದಿಯಿಂದ ಈ ತುದಿಗೆ, ಅದೂ ಹಾಸು ಬಿಟ್ಟ ಬೆಳಗಿನ ಹೊತ್ತು, ನೂಲಿಗೂ ನನಗೂ ಒಂದು ಗೇಣು ಅಂತರದಲ್ಲಿ ಆಕೆ ನನ್ನನ್ನು ನಡೆಸಿದಳು. ಮೂರು ತಿಂಗಳಲ್ಲಿ ಒಂದು ಎಳೆಯೂ ಹರಿಯಲಿಲ್ಲ. ಮಗ್ಗ ತುಳಿದ ಆ ಕಾಲಿಗೆ ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು ಎಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪ್ರಭುಲಿಂಗ ಎರಡು ವರ್ಷದಲ್ಲಿ ನನ್ನ ಬ್ರೇಕಿಗೆ ಕೊಡದ ಮರ್ಯಾದೆಯನ್ನು ಆಕೆ ಒಂದೇ ದಿನದಲ್ಲಿ ಕೊಟ್ಟಳು.

ಆದರೆ ಓಣಿ ದಾಟಿ ದೊಡ್ಡ ರಸ್ತೆಗೆ ಹೋಗುವ ಮಾತು ಬಂದರೆ ರುದ್ರಪ್ಪ ಒಪ್ಪುತ್ತಿರಲಿಲ್ಲ. ನೇಯ್ದ ಖಣ ಮನೆಯಲ್ಲೇ ರಾಶಿ ಬೀಳತೊಡಗಿತು. ಅದೇ ಹೊತ್ತಿಗೆ ಹೈಸ್ಕೂಲಿನ ಡ್ರಿಲ್ ಕಲಿಸುವ ಯಾದವಾಡ ಮಾಸ್ತರರು ತಮ್ಮ ಬುಲೆಟ್ ಮೇಲೆ ಬಂದು, ನನ್ನನ್ನು ಅಳಿಯನಿಗಾಗಿ ಕೇಳಿದರು. ರುದ್ರಪ್ಪ ಹೂಂ ಎಂದು ತಲೆಯಾಡಿಸುವುದರಲ್ಲಿದ್ದ. ಒಳಗೆ ಮಗ್ಗದ ಸಪ್ಪಳ ನಿಂತಿತು. ನಿಂಬೆವ್ವ ಹೊರಗೆ ಬಂದಳು.

"ಗಾಡಿ ಕೊಡೂದು ಬ್ಯಾಡ್ರಿ. ನಾ ಹೊಡಕೊಂಡ ಹೊಕ್ಕೀನಿ ಬಾದಾಮಿಗಿ."

"ಬಿದ್ದಿ ಅಂದ್ರ ಊರ ಮಂದಿ ನಗತೈತಿ," ಎಂದ ರುದ್ರಪ್ಪ. "ನನ್ನ ಕಾಲ ಹ್ವಾದದ್ದು ಸಾಲದ?"

ಅವನದು ಗಂಡಸಿನ ಬಿಂಕ ಅಷ್ಟೇ ಅಲ್ಲ, ಹೆದರಿಕೆ. ಅದು ನನಗೆ ಗೊತ್ತಿತ್ತು. ಅವನು ಬಿದ್ದ ದಿನದಿಂದ ನಿಂಬೆವ್ವ ಮೆಟ್ಟಿಲು ಹತ್ತಿದರೂ ಅವನ ಕಣ್ಣು ಆಕೆಯ ಕಾಲ ಮೇಲೆ ಇರುತ್ತಿತ್ತು.

ಮಾಸ್ತರರು ನಕ್ಕರು. "ರಾಜ್ಯೋತ್ಸವದ ದಿನ ನಮ್ಮ ಮೈದಾನದಾಗ ನಿಧಾನ ಮೋಟಾರ್ ಸೈಕಲ್ ಸ್ಪರ್ಧೆ ಐತೆಲ್ಲವಾ ತಂಗಿ. ಅದರಾಗ ನಿಂದ್ರ ನೋಡೂನು."

ರುದ್ರಪ್ಪ ನೆಟ್ಟನೆಯ ಮಂಡಿಯನ್ನು ಸವರಿಕೊಂಡು ಹೇಳಿದ. "ಜೋರ ಹೊಡ್ಯಾಕ ಯಾರಿಗರ ಬರತೈತಿ. ಬೀಳೂದು ನಿಧಾನಾದಾಗ. ಕಾಲು ನೆಲಕ್ಕ ಹಚ್ಚದಂಗ ಆ ಕಡಿ ಗೆರಿ ದಾಟು, ಗಾಡಿ ನಿಂದು. ಹಚ್ಚಿದಿ ಅಂದ್ರ ಸಂಜಿಮುಂದ ಮಾಸ್ತರು ಒಯ್ತಾರ."

ಮಾತು ಮುಗಿಯಿತು. ನನ್ನ ಗತಿ ನನ್ನನ್ನು ಕೇಳದೆಯೇ ನಿರ್ಧಾರವಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಸ್ಪರ್ಧೆಯ ನಿಯಮ ಕೇಳಿ. ಐವತ್ತು ಹೆಜ್ಜೆ ದೂರ, ಸುಣ್ಣದ ಗೆರೆಗಳ ನಡುವೆ ಹೋಗಬೇಕು. ನಿಲ್ಲುವಂತಿಲ್ಲ, ಎಂಜಿನ್ ಆರುವಂತಿಲ್ಲ, ಕಾಲು ಊರುವಂತಿಲ್ಲ. ಎಲ್ಲರಿಗಿಂತ ಕೊನೆಗೆ ಬಂದವರೇ ಗೆದ್ದಂತೆ. ದ್ವೀಪದ ರೇಸು ಗೆದ್ದ ಮನೆತನದ ನಾನು ಕೊನೆಗೆ ಬರಲು ಒದ್ದಾಡಬೇಕೇ ಎಂದು, ರಾಜ್ಯೋತ್ಸವಕ್ಕೆ ಉಳಿದಿದ್ದ ಹದಿನೈದು ದಿನವೂ ಒಳಗೊಳಗೇ ಕುದಿದೆ.

ನವೆಂಬರ್ ಒಂದರಂದು ಮೈದಾನದ ತುಂಬ ಜನ. ಐದು ಗಾಡಿಗಳು ಸಾಲಾಗಿ ನಿಂತವು. ಮೂರು ವರ್ಷ ಸತತ ಗೆದ್ದಿದ್ದ ಮಾಸ್ತರರು ನಮ್ಮ ಎಡಗಡೆ. ನಿಂಬೆವ್ವನನ್ನು ನೋಡಿ ಕೆಲವರು ಸೀಟಿ ಹೊಡೆದರು, ಕೆಲವರು ನಕ್ಕರು. ರುದ್ರಪ್ಪ ಊರುಗೋಲು ಹಿಡಿದು ಆ ಕಡೆಯ ಗೆರೆಯ ಹತ್ತಿರ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಆಕೆ ಯಾರತ್ತಲೂ ನೋಡಲಿಲ್ಲ. ಸುಣ್ಣದ ಗೆರೆಯನ್ನು ಮಾತ್ರ ನೋಡಿದಳು, ಓಣಿಯಲ್ಲಿ ಹಾಸಿನ ಅಂಚು ನೋಡುವ ಹಾಗೆ.

ಬಾವುಟ ಬಿತ್ತು. ಹತ್ತು ಹೆಜ್ಜೆಯೊಳಗೆ ಒಬ್ಬರ ಎಂಜಿನ್ ಆರಿತು. ಇನ್ನೊಬ್ಬರು ಬ್ಯಾಲೆನ್ಸ್ ತಪ್ಪಿ ಕಾಲು ಊರಿದರು. ಮೂರನೆಯವರು ಬೀಳುವ ಭಯಕ್ಕೆ ವೇಗ ಹೆಚ್ಚಿಸಿ ಎಲ್ಲರಿಗಿಂತ ಮೊದಲು ಗೆರೆ ದಾಟಿದರು, ಜನ ಹೋ ಎಂದು ನಕ್ಕಿತು. ಉಳಿದವರು ಮಾಸ್ತರರು ಮತ್ತು ನಾವು.

ಬುಲೆಟ್ಟು ನಿದ್ದೆಗಣ್ಣಿನಲ್ಲೂ ನಡೆಯಬಲ್ಲ ಗಾಡಿ, ನಿಧಾನವೇ ಅದರ ಸ್ವಭಾವ. ನನ್ನದು ಹಾಗಲ್ಲ. ಸ್ವಲ್ಪ ಬಿಗಿ ಹಿಡಿದರೆ ಆರಿಹೋಗುತ್ತೇನೆ, ಸ್ವಲ್ಪ ಸಡಿಲ ಬಿಟ್ಟರೆ ಹಾರುತ್ತೇನೆ. ನಲವತ್ತನೆಯ ಹೆಜ್ಜೆಗೆ ಬಂದಾಗ ನನ್ನ ಉಸಿರು ಕಟ್ಟುತ್ತಿತ್ತು. ಎಕ್ಸಲೇಟರ್ ಒಂದು ಕೂದಲೆಳೆ ತಿರುಗಿಸಿದ್ದರೂ ಸಾಕಿತ್ತು, ಕ್ಷೇಮವಾಗಿ ಗೆರೆ ದಾಟಿರುತ್ತಿದ್ದೆ. ಗಂಡ ಕೇಳಿದ್ದು ಅಷ್ಟೇ. ಆಕೆ ತಿರುಗಿಸಲಿಲ್ಲ. ಬಲಗಾಲು ನನ್ನ ಬ್ರೇಕನ್ನು ಒತ್ತಿತು, ಬಿಟ್ಟಿತು, ಒತ್ತಿತು, ಬಿಟ್ಟಿತು. ಎಡಗೈ ಕ್ಲಚ್ಚನ್ನು ನೂಲಿನಷ್ಟೇ ಸಡಿಲಿಸಿತು. ಮಗ್ಗದ ಕುಣಿಯಲ್ಲಿ ಮಾಡುವಂತೆ ಆಕೆ ತುಟಿಯೊಳಗೇ ಎಣಿಸುತ್ತಿದ್ದಳು. ಆ ಎಣಿಕೆಗೆ ನನ್ನ ಎಂಜಿನ್ ಮೆಲ್ಲಗೆ ಹೊಂದಿಕೊಂಡಿತು. ನಾನು ರೇಸು ಮರೆತೆ, ದ್ವೀಪ ಮರೆತೆ. ಆಕೆಯ ಕಾಲು ಹೇಳಿದಂತೆ ನಡೆದೆ, ಅಷ್ಟೇ. ನನ್ನ ಆಯುಷ್ಯದಲ್ಲಿ ಅಷ್ಟು ಸುಖ ಇನ್ನೊಮ್ಮೆ ಕಂಡಿಲ್ಲ.

ಮಾಸ್ತರರು ಓರೆಗಣ್ಣಿನಿಂದ ನೋಡಿದರು. ಆಕೆ ತಮಗಿಂತ ಒಂದು ಮೊಳ ಹಿಂದಿದ್ದಳು. ಇನ್ನಷ್ಟು ನಿಧಾನಿಸಲು ಅವರು ಬುಲೆಟ್ಟಿನ ಬ್ರೇಕು ಹಿಂಡಿದರು. ಭಾರದ ಗಾಡಿ ಒಂದು ಬದಿಗೆ ವಾಲಿತು. ವಾಲಿದ್ದನ್ನು ತಡೆಯಲು ಅವರ ಎಡಗಾಲಿನ ಬೂಟು ಸುಣ್ಣದ ಗೆರೆಯ ಮೇಲೆ ಬಿತ್ತು.

ಜನ ಕೂಗುತ್ತಿತ್ತು. ಇನ್ನು ಎಷ್ಟು ಜೋರಾಗಿ ಹೋದರೂ ಗೆಲುವು ನಮ್ಮದೇ. ಆದರೂ ನಿಂಬೆವ್ವ ಅದೇ ನಡಿಗೆಯಲ್ಲಿ ಉಳಿದ ಹೆಜ್ಜೆಗಳನ್ನು ಮುಗಿಸಿದಳು. ಮಾಸ್ತರರೇ ಬಂದು ಬಹುಮಾನದ ಗೋಡೆ ಗಡಿಯಾರ ಕೊಟ್ಟರು. "ತಂಗಿ, ನನ್ನ ಅಳಿಯಾಗ ಸೈಕಲ್ಲ ಸಾಕು," ಎಂದರು.

ಆಕೆ ನನ್ನನ್ನು ರುದ್ರಪ್ಪನ ಮುಂದೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ.

"ಹತ್ರಿ."

ಆ ಊರಿನಲ್ಲಿ ಅಲ್ಲಿಯ ತನಕ ಯಾವ ಗಂಡಸೂ ಹೆಂಡತಿಯ ಹಿಂದೆ ಗಾಡಿಯಲ್ಲಿ ಕೂತಿರಲಿಲ್ಲ. ರುದ್ರಪ್ಪ ಸುತ್ತ ನೋಡಿದ. "ಮಂದಿ ನೋಡಾಕತ್ತೈತಿ," ಎಂದ ಮೆಲ್ಲಗೆ.

"ನೋಡ್ಲಿ ಬಿಡ್ರಿ. ನೋಡಾಕಂತನ ಬಂದಾರ."

ಅವನು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿದ. ನೆಟ್ಟನೆಯ ಬಲಗಾಲು ಪಕ್ಕಕ್ಕೆ ಚಾಚಿಕೊಂಡಿತು. ಗಡಿಯಾರವನ್ನು ಎದೆಗೆ ಅವಚಿಕೊಂಡ. ಮೈದಾನ ದಾಟಿ ಬಾದಾಮಿ ರಸ್ತೆಗೆ ಬಂದ ಮೇಲೆ ಕೇಳಿದ, "ಗೆರಿ ದಾಟಿದ್ರ ಸಾಕ ಅಂದಿದ್ನೆಲ್ಲ. ಗೆಲ್ಲಾಕ ಯಾಕ ಹ್ವಾದಿ?"

"ಬರೇ ದಾಟಿದ್ರ ನಾಳೆ ಮತ್ತೊಂದ ಕೇಳ್ತಿದ್ರಿ," ಎಂದಳು ನಿಂಬೆವ್ವ. ಆಮೇಲೆ ಎಕ್ಸಲೇಟರ್ ತಿರುಗಿಸಿದಳು. ನನ್ನ ರಕ್ತದಲ್ಲಿದ್ದ ಓಟವನ್ನೆಲ್ಲ ನಾನು ಆ ರಸ್ತೆಗೆ ಸುರಿದೆ. ರುದ್ರಪ್ಪ ಹಿಂದೆ ಕೂತು ಜೋರಾಗಿ ನಗುತ್ತಿದ್ದ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಇಪ್ಪತ್ತು ವರ್ಷ ನಾವು ಮೂವರೂ ಹಾಗೇ ತಿರುಗಿದೆವು. ಆಕೆ ಹೊಡೆಯುವುದು, ಅವನು ಖಣದ ಗಂಟು ಹಿಡಿದು ಕೂತು ಅಂಗಡಿಯಲ್ಲಿ ಮಾತಾಡುವುದು. ಒಂದು ಮಗ್ಗ ಮೂರಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಮೇಲೆಯೇ ಗಾಡಿ ಕಲಿತರು. ಎಷ್ಟು ಜನ ಎಂದು ಕೇಳಬೇಡಿ, ನನ್ನ ಕ್ಲಚ್ ಪ್ಲೇಟನ್ನು ಆರು ಸಲ ಬದಲಿಸಿದ್ದಾರೆ.

ಈಗ ನಾನು ಮುದುಕ. ಬಿಡಿಭಾಗ ಸಿಗುವುದಿಲ್ಲ, ಹೊಗೆಯೂ ಹೆಚ್ಚು. ಪಡಸಾಲೆಯ ಮೂಲೆಯಲ್ಲಿ ನಿಂತಿದ್ದೇನೆ. ಮೊನ್ನೆ ಬೆಳಗಾವಿಯಿಂದ ಹಳೆಯ ಗಾಡಿ ಸಂಗ್ರಹಿಸುವ ಒಬ್ಬರು ಹುಡುಕಿಕೊಂಡು ಬಂದರು. ನನ್ನ ಟ್ಯಾಂಕನ್ನು ದೇವರ ಮೂರ್ತಿಯಂತೆ ಮುಟ್ಟಿ ನೋಡಿದರು. ಆಮೇಲೆ ಕಟ್ಟೆಯ ಮೇಲಿದ್ದ ರುದ್ರಪ್ಪನನ್ನು ಕೇಳಿದರು, "ಅಜ್ಜಾರ, ಎಷ್ಟ ವರ್ಷ ಹೊಡದೀರಿ ಇದನ್ನ? ಕೊಡ್ತೀರೇನು?"

"ಗಾಡಿ ಆಕೀದು, ಆಕಿನ್ನ ಕೇಳ್ರಿ," ಎಂದ ರುದ್ರಪ್ಪ. "ನಾ ಹೊಡದದ್ದು ಐದ ವರ್ಷ. ಅದರಾಗ ಹೇಳೂವಂಥಾದ್ದು ಏನೂ ಇಲ್ಲ. ಆಮ್ಯಾಲ ಇಪ್ಪತ್ತ ವರ್ಷ ಹಿಂದ ಕುಂತೀನಿ. ಅದನ್ನ ಕೇಳ್ರಿ, ಕುಂದರ್ರಿ ಇಲ್ಲೆ, ಹೇಳ್ತೀನಿ."

ಬಂದವರು ಕೂತರು. ಅವನು ಹೇಳತೊಡಗಿದ. ಹಮಾಮತ್ಸುವಿನ ಮನೆಯಲ್ಲಿ ಮೊದಲು ಬಂದವರ ಕಪ್ಪುಗಳು ಸಾಲಾಗಿ ಹೊಳೆಯುತ್ತಿರಬಹುದು. ಇರಲಿ, ಅವೂ ನಮ್ಮವೇ. ನನ್ನ ಗೆಲುವು ಇಲ್ಲಿ ಕಟ್ಟೆಯ ಮೇಲೆ ಕೂತು, ಹೆಂಡತಿಯ ಹಿಂದೆ ಕೂತ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತಿದೆ.