ನೆಂಟನೂ ಬಾಡಿಗೆದಾರನೂ

ಟೈಲರಮ್ಮ ಮಂಚದ ಕೆಳಗೆ ತಲೆ ತೂರಿಸಿ ಚಪ್ಪಲಿ ಹುಡುಕುತ್ತಿದ್ದಳು. ಸವೆದ ಅಳತೆ ಟೇಪು ಸಿಕ್ಕಿತು, ಎಂದೋ ಕಳೆದುಹೋಗಿದ್ದ ಬಾಬಿನ್ ಸಿಕ್ಕಿತು, ಚಪ್ಪಲಿ ಮಾತ್ರ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ. ಅಮ್ಮ ಎಲ್ಲಿ ಹೊರಟೇಬಿಡುತ್ತಾಳೋ ಎಂದು ಹೆದರಿದ ಮಗ ಅದನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದ. ಅವನು ಬಸ್ ಕಂಡಕ್ಟರು. ಯಾರನ್ನು ಹತ್ತಿಸಬೇಕು, ಯಾರನ್ನು ಇಳಿಸಬೇಕು ಎಂಬುದು ತನಗೇ ಬಿಟ್ಟದ್ದು ಎಂಬ ನಂಬಿಕೆ ಮನೆಯಲ್ಲೂ ಇತ್ತು.

ನಡುಮನೆಯಲ್ಲಿ ಅವಳ ಗಂಡ ಮಲಗಿದ್ದ. ಬೀದಿಗೆಲ್ಲ ಅವನು ಬ್ರೆಡ್ ಮಾಸ್ತರ. ಬೇಕರಿಯ ಸೌದೆ ಭಟ್ಟಿಯ ಮುಂದೆ ನಿಂತು ಆಯುಷ್ಯವನ್ನೇ ಹದವಾಗಿ ಬೇಯಿಸಿಕೊಂಡವನು. ಕೊನೆಕೊನೆಗೆ ಮಂಚದಿಂದ ಬಚ್ಚಲಿಗೆ ಹೋಗಿಬರುವುದೇ ಅವನಿಗೆ ದೇಶಸಂಚಾರವಾಗಿತ್ತು. ಆದರೂ ಮಿಮಿಕ್ರಿ ಬಿಟ್ಟಿರಲಿಲ್ಲ. ನಿನ್ನೆ ಸಂಜೆ ದಿನಸಿ ಅಂಗಡಿಯವನು ಗಂಟಲು ಸರಿಮಾಡಿಕೊಳ್ಳುವ ವೈಖರಿಯನ್ನು ಮಾಡಿ ತೋರಿಸಿ, ಅವಳು ನಗುವುದನ್ನು ನೋಡಿ, ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಸ್ಮಶಾನ ಇದ್ದದ್ದು ಊರಾಚೆಯ ದಿಬ್ಬದ ಮೇಲೆ. ಗಾಡಿ ಬುಡದವರೆಗೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಬದುಕಿದವರಿಗೆ ಕಾಲು, ಸತ್ತವರಿಗೆ ಹೆಗಲು. ಟೈಲರಮ್ಮ ತಾನೂ ಹತ್ತುತ್ತೇನೆ ಎಂದಿದ್ದೇ ತಪ್ಪಾಗಿತ್ತು. ಕುಳಿತವರೆಲ್ಲ ಒಬ್ಬೊಬ್ಬರಾಗಿ ಬುದ್ಧಿ ಹೇಳಿದರು. ಬುದ್ಧಿ ಹೇಳುವುದಕ್ಕೆ ಖರ್ಚೇನೂ ಇಲ್ಲವಲ್ಲ. ಕೊನೆಗೆ ಬಾಯಿಬಿಟ್ಟವಳು ಮಾಸ್ತರನ ಅಕ್ಕ, ಟೈಲರಮ್ಮನ ಅತ್ತಿಗೆ.

"ತಮ್ಮನ್ನ ಕಳಿಸಿದ್ದಾಯ್ತು. ಅದೇ ಕಾಯಿಲೆ ಎದೇಲಿಟ್ಕೊಂಡು ನೀನೂ ಹಿಂದೇನೇ ದಿಬ್ಬ ಹತ್ತಿದ್ರೆ, ಗುಂಡಿ ತೋಡೋರಿಗೆ ಇನ್ನೊಂದು ಕೆಲಸ ಕೊಟ್ಟಂಗೆ ಆಗತ್ತೆ ಅಷ್ಟೆ."

ಅದರಲ್ಲಿ ಅಕ್ಕರೆಯೂ ಇತ್ತು. ಆದರೆ 'ಅದೇ' ಎಂಬ ಮಾತು ಟೈಲರಮ್ಮನಿಗೆ ಬೆರಳಿಗೆ ಸೂಜಿ ಚುಚ್ಚಿದಂತಾಯಿತು. ಆ ಸೂಜಿ ಹಳೆಯದು. ಮಾಸ್ತರ ಬೀಡಿ ಮುಟ್ಟಿದವನಲ್ಲ, ಸಿಗರೇಟು ಕಚ್ಚಿದವನಲ್ಲ. ಹಾಗಿದ್ದ ಮೇಲೆ ಅವನಿಗೆ ದಮ್ಮು ಎಲ್ಲಿಂದ ಬಂತು? ಮದುವೆಯಾಗಿ ಬರುವಾಗಲೇ ಎದೆಯಲ್ಲಿ ಸೀಟಿ ಊದಿಕೊಂಡು ಬಂದವಳಿಂದ. ಸಹವಾಸದಿಂದ ಸನ್ಯಾಸಿ ಕೆಟ್ಟ. ಅತ್ತಿಗೆಯ ವೈದ್ಯಶಾಸ್ತ್ರ ಈ ಒಂದು ಗಾದೆಯಲ್ಲಿ ಮುಗಿಯುತ್ತಿತ್ತು.

ಅಷ್ಟರಲ್ಲಿ ಬೇಕರಿ ಮಾಲೀಕ ಒಳಗೆ ಬಂದ. ಅವನಿಗಿಂತ ಮೊದಲು ಅವನ ಸೆಂಟು ಬಂತು. ಟೈಲರಮ್ಮನ ಎದೆ ಬಿಗಿಯಿತು, ಉಸಿರಿನ ತುದಿಯಲ್ಲಿ ಸಣ್ಣ ಸೀಟಿ ಹೊರಟಿತು. ಅವಳು ಗಾಬರಿಯಾಗದೆ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕಿಟಕಿ ತೆರೆದು, ದಮ್ಮಿನ ಔಷಧಿಯ ಪಫ್ ಎಳೆದುಕೊಂಡು ಕುಳಿತಳು. ಮಗ ಹಿಂದೆಯೇ ಬಂದ. ನೋಡಿದೆಯಾ, ಇದಕ್ಕೇ ಬೇಡ ಎಂದದ್ದು, ಅಪ್ಪನೂ ಹೀಗೇ ತಾನೇ ಶುರುಮಾಡಿದ್ದು ಎಂದ. ಅವನ ಕಣ್ಣು ತುಂಬಿತ್ತು. ಒಂದೇ ದಿನ ಇಬ್ಬರನ್ನು ಕಳೆದುಕೊಳ್ಳುವ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತು.

* * *

ಅಪ್ಪ ಶುರುಮಾಡಿದ್ದು ಹೀಗಲ್ಲ. ಯಾವಾಗ ಶುರುವಾಯಿತೆಂದು ಅವನಿಗೇ ಗೊತ್ತಿರಲಿಲ್ಲ. ಬೆಳಗಿನ ಕೆಮ್ಮು, ಸ್ವಲ್ಪ ಕಫ. ಹಿಟ್ಟಿನ ಮೂಟೆ ಎತ್ತಿದಾಗ ಏದುಸಿರು, ಆಮೇಲೆ ಬ್ರೆಡ್ಡಿನ ಟ್ರೇ ಎತ್ತಿದಾಗ, ಆಮೇಲೆ ಅಂಗಿ ಹಾಕಿಕೊಳ್ಳುವಾಗ. ಮನೆಯಲ್ಲಿ ದಮ್ಮಿನ ಔಷಧಿ ಇದ್ದೇ ಇತ್ತಲ್ಲ, ಹೆಂಡತಿಯದನ್ನೇ ಗಂಡನೂ ಎಳೆದುಕೊಂಡ. ಅವಳಿಗೆ ಎದೆ ಬಿಚ್ಚಿಕೊಳ್ಳುತ್ತಿತ್ತು. ಅವನಿಗೆ ಹೆಚ್ಚೇನೂ ಆಗುತ್ತಿರಲಿಲ್ಲ. ತನಗೆ ಎಳೆಯಲು ಬರುವುದಿಲ್ಲವೆಂದು ಅವನು, ಸರಿಯಾಗಿ ಕಲಿಸಲಿಲ್ಲವೆಂದು ಅವಳು ಪೇಚಾಡಿಕೊಂಡರು. ಒಂದೇ ಡಬ್ಬಿಯಲ್ಲಿ ಸಂಸಾರ ಹೀಗೇ ಬಹಳ ಕಾಲ ಸಾಗಿತು.

ಎದೆರೋಗದ ಡಾಕ್ಟರಮ್ಮನ ಬಳಿ ಹೋದಾಗ ಇಬ್ಬರ ಕೈಗೂ ಕೊಳವೆ ಕೊಟ್ಟು ಯಂತ್ರಕ್ಕೆ ಊದಿಸಿದರು. ನರ್ಸಮ್ಮ ಪಂದ್ಯದ ಮೈದಾನದಲ್ಲಿ ನಿಂತವಳಂತೆ, ಊದಿ, ಊದಿ, ಬಿಡಬೇಡಿ, ಇನ್ನೂ ಇದೆ, ಇನ್ನೂ ಇದೆ ಎಂದು ಹುರಿದುಂಬಿಸಿದಳು. ಮಾಸ್ತರ ಆ ಕಷ್ಟದಲ್ಲೂ ಅವಳ ರಾಗವನ್ನು ಕಿವಿಯಲ್ಲಿ ಕಟ್ಟಿಕೊಂಡ. ಪಫ್ ಎಳೆಸಿ, ಬೆಂಚಿನ ಮೇಲೆ ಕೂರಿಸಿ, ಮತ್ತೆ ಊದಿಸಿದರು. ಯಂತ್ರದ ಪರದೆಯ ಮೇಲೆ ಟೈಲರಮ್ಮನ ಗೆರೆ ಎದ್ದು ನಿಂತಿತು. ಅವನದು ಮಲಗಿದಲ್ಲೇ ಇತ್ತು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಇವಳದು ಅಸ್ತಮಾ, ಉಸಿರ್ನಾಳಗಳಿಗೆ ಮುಂಗೋಪ, ದೂಳೋ ಚಳಿಯೋ ಗಾಟು ವಾಸನೆಯೋ ತಗುಲಿದರೆ ಊದಿಕೊಂಡು ಮುದುಡುತ್ತವೆ, ಔಷಧಿ ಬಿದ್ದರೆ ಸಡಿಲುತ್ತವೆ. ಅವನದು ಸಿಒಪಿಡಿ, ವರ್ಷಗಟ್ಟಲೆ ಹೊಗೆ ಕುಡಿದು ನಾಳಗಳು ಕಿರಿದಾಗಿವೆ, ಒಳಗಿನ ಗಾಳಿಚೀಲಗಳ ಬಿಗುಪು ಹೋಗಿದೆ, ಹೋದ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಔಷಧಿಯಿಂದ ದಿನ ಹಗುರವಾಗುತ್ತದೆ, ಕೆಟ್ಟ ಭಾಗ ಹಿಂದಿನಂತಾಗುವುದಿಲ್ಲ. ನಾನು ಸೇದಿದವನೇ ಅಲ್ಲವಲ್ಲ ಎಂದ ಮಾಸ್ತರ. ಭಟ್ಟಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಮರದ ಮಿಲ್ಲಿನ ತುಂಡು, ಹಸಿಯದೂ ಇರುತ್ತದೆ ಎಂದ. ಆಮೇಲೆ ತಾನೇ ಹೇಳಿದ, "ಅಂದ್ರೆ ಸೇದಿದ್ದು ಭಟ್ಟಿ, ಕೆಮ್ಮಿದ್ದು ನಾನು."

ಟೈಲರಮ್ಮ ಹೊಟ್ಟೆಯಲ್ಲಿದ್ದುದನ್ನು ಆಗ ಕೇಳಿದಳು. "ನನ್ನಿಂದ ಅಂಟಿದ್ದಲ್ವಾ, ಹಾಗಾದ್ರೆ?"

"ಎರಡೂ ಅಂಟೋ ಕಾಯಿಲೆ ಅಲ್ಲಮ್ಮ. ಹೆಂಡತಿಯಿಂದ ಗಂಡನಿಗೆ ತಗಲೋದು ಬೈಗುಳ ಮಾತ್ರ."

ಬಸ್ಸಿನಲ್ಲಿ ಮಾಸ್ತರ ಅದನ್ನು ತನ್ನ ಭಾಷೆಗೆ ಇಳಿಸಿದ. "ನಿಂದು ನೆಂಟ ಕಣೆ. ಬರ್ತಾನೆ, ರಂಪ ಮಾಡ್ತಾನೆ, ಮರ್ಯಾದೆ ಮಾಡಿದ್ರೆ ಹೊರಟ್ಹೋಗ್ತಾನೆ. ಅಸಡ್ಡೆ ಮಾಡಿದ್ಯೋ, ಮನೇನೇ ಕೆಡವಿಬಿಟ್ಟಾನು. ನಂದು ಬಾಡಿಗೆದಾರ. ಸದ್ದಿಲ್ಲದೆ ಬಂದ, ಒಂದೊಂದೇ ಕೋಣೆ ಹಿಡಿದ. ಇನ್ನು ಖಾಲಿ ಮಾಡೋ ಪೈಕಿ ಅಲ್ಲ. ಜಗಳ ಕಡಿಮೆ ಮಾಡ್ಕೊಂಡು ಜೊತೆಗಿರೋದು."

ಮನೆಗೆ ಬಂದು ಅಕ್ಕನ ಮುಂದೆ ನರ್ಸಮ್ಮನನ್ನೂ ಡಾಕ್ಟರಮ್ಮನನ್ನೂ ಒಬ್ಬನೇ ಆಡಿ ತೋರಿಸಿದ. ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಒಂದಕ್ಷರ ನಂಬಲಿಲ್ಲ. ಹೆಂಡತಿಯನ್ನು ಬಿಟ್ಟುಕೊಡದ ತಮ್ಮ ಕತೆ ಕಟ್ಟುತ್ತಿದ್ದಾನೆಂದುಕೊಂಡಳು. ನಗಿಸುವವನ ಹಣೆಬರಹವೇ ಅಷ್ಟು. ನಿಜ ಹೇಳಿದರೂ ಚಪ್ಪಾಳೆಯೇ ಬೀಳುತ್ತದೆ.

* * *

ಟೈಲರಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಇಷ್ಟೆಲ್ಲ ಹೇಳುವ ಹೊತ್ತು ಅದಲ್ಲ. ಹೇಳಿದರೂ ಅವನ ಕಿವಿಗೆ ಇಳಿಯುತ್ತಿರಲಿಲ್ಲ. ಔಷಧಿ ಹಿಡಿಯುವವರೆಗೆ ಇಬ್ಬರೂ ಕಿಟಕಿಯಾಚೆ ನೋಡುತ್ತ ಕುಳಿತರು. ಆಮೇಲೆ ಅವಳು ಬೆನ್ನು ತಿರುಗಿಸಿದಳು.

"ಕಿವಿ ಇಡು."

ಅವನು ಬಗ್ಗಿ, ಚಿಕ್ಕಂದಿನಲ್ಲಿ ಜೋತುಬಿದ್ದ ಬೆನ್ನಿಗೆ ಕಿವಿಯಿಟ್ಟ. ಅಪ್ಪನ ಬೆನ್ನನ್ನೂ ಅವನು ಎಷ್ಟೋ ಸಲ ಹೀಗೆ ಕೇಳಿದ್ದ; ಪಫ್ ಆದ ಮೇಲೂ ಅಲ್ಲಿ ಹಳೇ ಬಾಗಿಲು ಕಿರುಗುಟ್ಟುತ್ತಲೇ ಇರುತ್ತಿತ್ತು. ಇಲ್ಲಿ ಗಾಳಿ ಬಂತು, ಹೋಯಿತು. ಸೀಟಿ ಇರಲಿಲ್ಲ.

"ಇಲ್ವಲ್ಲ," ಎಂದ.

"ಹೋಯ್ತು. ನಂದು ಹೋಗತ್ತೆ, ಅಪ್ಪಂದು ಹೋಗ್ತಿರ್ಲಿಲ್ಲ. ಮತ್ತೆ ಬಿಗಿದ್ರೆ ಅಲ್ಲೇ ಕೂತ್ಬಿಡ್ತೀನಿ, ಹಟ ಮಾಡಲ್ಲ. ನಿಮ್ಮಪ್ಪ ಹೇಳಿದ್ರು ಕಣೋ, ದಿಬ್ಬ ಹತ್ತೋಕೆ ನನ್ನ ಕೈಲಾಗಲ್ಲ, ನನ್ನ ಹೊತ್ಕೊಂಡು ಹೋಗೋರು ಸಿಗ್ತಾರೆ, ನೀನು ಮಾತ್ರ ನಡ್ಕೊಂಡೇ ಬಾ ಅಂತ."

ಅವನು ಮತ್ತೊಮ್ಮೆ ಕಿವಿಯಿಟ್ಟ, ಈ ಸಲ ಬರೀ ಒರಗುವುದಕ್ಕೆ. ಆಮೇಲೆ ಎದ್ದು ಬೀರುವಿನ ಮೇಲೆ ಕೈಯಾಡಿಸಿದ.

* * *

ಅತ್ತಿಗೆ ಬಿಡಲಿಲ್ಲ. ಇವಳು ಬಿದ್ದರೆ ಹಿಡಿಯಲು ತಾನಿರಬೇಕೆಂದು ತೋಳು ಹಿಡಿದೇ ಹೊರಟಳು. ಮುಂದೆ ಹೆಗಲುಗಳ ಮೇಲೆ ಮಾಸ್ತರ, ಎಷ್ಟೋ ವರ್ಷಗಳ ಮೇಲೆ ಏದುಸಿರಿಲ್ಲದೆ ಏರು ಹತ್ತುತ್ತಿದ್ದ. ಟೈಲರಮ್ಮ ಆತುರಪಡಲಿಲ್ಲ, ಸಣ್ಣ ಹೆಜ್ಜೆ, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು, ತಿರುವಿನಲ್ಲಿ ಸ್ವಲ್ಪ ನಿಲ್ಲುವುದು. ನಡುದಾರಿಯ ತನಕ ತೋಳು ಹಿಡಿದವಳು ಅತ್ತಿಗೆ. ಅಲ್ಲಿಂದಾಚೆ ಯಾರು ಯಾರನ್ನು ಹಿಡಿದಿದ್ದಾರೆಂದು ಹಿಂದೆ ಬರುತ್ತಿದ್ದವರಿಗೆ ಹೇಳಲಾಗುತ್ತಿರಲಿಲ್ಲ. ಅತ್ತಿಗೆಗೆ ವಯಸ್ಸು, ಮೈಭಾರ, ಬೆಳಗಿನಿಂದ ಅತ್ತ ಗಂಟಲು. ಸಾಕು ಕೂರಿ ಎಂದಳು ಟೈಲರಮ್ಮ. ತಮ್ಮನ್ನ ಒಬ್ಬನೇ ಬಿಡ್ತೀಯೇನೆ ಎಂದು ಅತ್ತಿಗೆ ಗದರಿದಳು, ಏದುಸಿರಿಗೆ ಮಾತು ಮೂರು ತುಂಡಾಗಿ.

ಮೇಲೆ ಗಾಳಿ ಚೆನ್ನಾಗಿತ್ತು. ಶವಪೆಟ್ಟಿಗೆ ಗುಂಡಿಗೆ ಇಳಿಯಿತು. ಟೈಲರಮ್ಮ ಒಂದು ಹಿಡಿ ಮಣ್ಣು ಹಾಕಿದಳು, ಬಂದೆ ನೋಡಿ ಎಂದು ಮೆಲ್ಲಗೆ ಹೇಳಿದಳು. ಅಳು ಬಂತು, ಅಳುವುದಕ್ಕೂ ಸಾಕಷ್ಟು ಉಸಿರಿತ್ತು. ಕಣ್ಣೊರೆಸಿಕೊಂಡು, ಮಗ ಕೊಟ್ಟ ಬಾಟಲಿಯನ್ನು ಬಾಯಿಗೆ ಕಚ್ಚಿಕೊಂಡು ಎರಡು ಗುಟುಕು ನೀರು ಕುಡಿದಳು.

ಅತ್ತಿಗೆ ಪಕ್ಕದ ಕಟ್ಟೆಯ ಮೇಲೆ ಕುಸಿದು ಕುಳಿತು ನೀರಿಗೆ ಕೈ ಚಾಚಿದಳು. ಇದ್ದದ್ದು ಆ ಒಂದೇ ಬಾಟಲಿ. ತಾನು ಕಚ್ಚಿ ಕುಡಿದದ್ದೆಂದು ಟೈಲರಮ್ಮ ಒಂದು ಕ್ಷಣ ಹಿಂಜರಿದು ಕೊಟ್ಟಳು. ಅತ್ತಿಗೆ ತುಟಿಗೆ ತಾಗದಂತೆ ಅದನ್ನು ಮೇಲೆತ್ತಿ ಕುಡಿಯಲು ಹೋದಳು. ಏದುಸಿರು ಬಿಡುವವರಿಗೆ ಎತ್ತಿ ಕುಡಿಯಲಾದೀತೇ? ನೀರು ಗಲ್ಲದ ಮೇಲೆ ಸುರಿದು ಕುತ್ತಿಗೆಗೆ ಇಳಿಯಿತು, ನೆತ್ತಿಗೆ ಹತ್ತಿತು. ಕೆಮ್ಮಿ ಸುಧಾರಿಸಿಕೊಂಡು, ಬಾಟಲಿಯ ಬಾಯನ್ನು ನೋಡಿದಳು. ಎದುರಿಗೆ ನಿರಾಳವಾಗಿ ಉಸಿರಾಡುತ್ತ ನಿಂತವಳನ್ನು ನೋಡಿದಳು.

ಟೈಲರಮ್ಮ ಮರ್ಯಾದೆಗೆಂದು ಮುಖ ತಿರುಗಿಸಿ, ಮಣ್ಣು ಎಳೆಯುತ್ತಿದ್ದವರ ಕಡೆ ನಿಂತಳು. ಮತ್ತೆ ತಿರುಗಿದಾಗ ಅತ್ತಿಗೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಲೆಗೂಸಿನ ಹಾಗೆ ಬಾಯಿಗೆ ಕಚ್ಚಿಕೊಂಡು, ಕಣ್ಣು ಮುಚ್ಚಿ, ಗಟಗಟನೆ ಕುಡಿಯುತ್ತಿದ್ದಳು.