ನೀಲಿಗಣ್ಣಿನ ತಾತ

ಹೆಪ್ಪುಗಟ್ಟಿದ ಕಡಲ ಮಂಜಿನ ಮೇಲೆ ನೀರು ಜಿನುಗುವ ಕಾಲ. ಗುಡಾರದ ಬಾಗಿಲಲ್ಲಿ ಕೂತು ಇವಾಲು ಗಂಡನ ತೊಗಲ ಬೂಟು ಹೊಲಿಯುತ್ತಿದ್ದಳು. ತಾಮ್ರದ ಸೂಜಿ ಮೂರನೆಯ ಸಲ ಬಾಗಿತು. ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡಿದಳು. ಹೊಲಿಗೆ ಸಡಿಲವಾದರೆ ಬೂಟಿಗೆ ನೀರು ನುಗ್ಗುತ್ತದೆ. ಹೋದ ವರ್ಷ ಹೀಗೇ ಪಕ್ಕದ ಗುಡಾರದ ನಕಶುಕ್ ಚಳಿಗೆ ಎರಡು ಕಾಲ್ಬೆರಳು ಕಳೆದುಕೊಂಡಿದ್ದ.

ಉಕ್ಕಿನ ಸೂಜಿ ಇದ್ದದ್ದು ದೂರದಿಂದ ಬಂದ ಬಿಳಿಯನ ಡಬ್ಬಿಯಲ್ಲಿ. ಈ ಸೀಮೆಯಲ್ಲಿ ಹೊಂಗೂದಲ ಜನ ಇದ್ದಾರೆಂದು ಅವನಿಗೆ ಯಾರೋ ಹೇಳಿದ್ದರಂತೆ. ಆರು ದಿನದಿಂದ ಎಲ್ಲರ ತಲೆ ಅಳೆಯುತ್ತಿದ್ದ. ನಕಶುಕನ ಮೀಸೆ ತುಸು ಕೆಂಚಗಿತ್ತು. ಬಿಸಿ ಸಾರು ಕುಡಿದು ಕುಡಿದು ಹಾಗಾದದ್ದೆಂದು ಊರಿಗೆಲ್ಲ ಗೊತ್ತಿತ್ತು. ಬಿಳಿಯ ಮಾತ್ರ ಅದನ್ನು ನೋಡಿ ಊಟ ಮರೆತಿದ್ದ.

ಅವನು ಬಂದು ನಿಂತ. ಜೊತೆಗೆ ದುಭಾಷಿ ಪನ್ನಿಕ್.

"ಅಕ್ಕ, ನಿಮ್ಮ ಹಿರೀಕರಲ್ಲಿ ಹೊಂಗೂದಲು, ನೀಲಿ ಕಣ್ಣು ಯಾರಿಗಾದ್ರೂ ಇತ್ತಾ ಅಂತ ಕೇಳ್ತಾವ್ನೆ. ಇದ್ರೆ ಒಂದು ಸೂಜಿ ಕೊಡ್ತಾನಂತೆ."

"ನಮ್ಮ ತಾತಂಗೆ ಐತಲ್ಲ."

"ಬದುಕವ್ನಾ?"

"ಈಗ್ತಾನೆ ಕರುಳು ತಿಂದು ಮಲಗವ್ನೆ."

ಇವಾಲು ಸುಳ್ಳಾಡಲಿಲ್ಲ. ತಾತ ಸತ್ತ ವರ್ಷ ಮನೆಯಲ್ಲಿ ಕೂಸು ಹುಟ್ಟಲಿಲ್ಲ, ನಾಯಿಮರಿ ಹುಟ್ಟಿತು. ಸತ್ತವನ ಹೆಸರು ಬೀದಿಪಾಲಾಗಬಾರದಲ್ಲ, ಮರಿಗಿಟ್ಟರು. ಹೆಸರು ಹೊತ್ತವನೇ ತಾತ. ಪನ್ನಿಕನಿಗೂ ಆ ಪದ್ಧತಿ ಗೊತ್ತಿತ್ತು. ಅವಳು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿದ.

ಬಿಳಿಯ ತನ್ನ ಪುಸ್ತಕ ತೆಗೆದು ಶಾಯಿಯಲ್ಲಿ ಅರ್ಧ ಪುಟ ಬರೆದ.

"ತಾತನ ತಲೆ ಅಳೀಬೇಕಂತೆ."

"ಅಳೀಲಿ. ಕಿವಿ ಮುಟ್ಟಬ್ಯಾಡ ಅನ್ನು, ಕಚ್ತಾನೆ."

ಗುಡಾರದ ಹಿಂದೆ ತಾತ ಎದ್ದು ಮೈಮುರಿದು ಬಾಲ ಆಡಿಸಿದ. ಅಳತೆಯ ಇಕ್ಕಳ ಹಿಡಿದು ಬಿಳಿಯ ನಿಂತೇ ಇದ್ದ. ಆಮೇಲೆ ಡಬ್ಬಿಯನ್ನು ಚೀಲಕ್ಕೆ ತುರುಕಿದ.

"ಇದು ನಾಯಿ ಅಂತಾನೆ, ಅಕ್ಕ."

"ನಾಯಿಯಲ್ಲ ಅಂತ ನಾನೆಲ್ಲಂದೆ? ನೀಲಿ ಕಣ್ಣು ಐತೋ ಇಲ್ವೋ?"

"ಸೂಜಿ ಕೊಡಕ್ಕಾಗಲ್ಲವಂತೆ."

ಇವಾಲು ಕೈಯಲ್ಲಿದ್ದ ಬೂಟು ನೋಡಿದಳು. ಗಂಡ ನಾಳೆಯೇ ಮಂಜಿಗಿಳಿಯಬೇಕು.

"ಹಂಗಾದ್ರೆ ನಮ್ಮ ತಾತನ್ನ ಪುಸ್ತಕದಿಂದ ಆಚೆಗೆ ತೆಗೀಲಿ. ಪುಕ್ಸಟ್ಟೆ ಇಟ್ಕಳಕ್ಕೆ ಅವನೇನು ಇವನ ಮನೆ ನಾಯಾ?"

ಪನ್ನಿಕ್ ಇದನ್ನೂ ಒಂದು ಮಾತು ಬಿಡದೆ ದಾಟಿಸಿದ.

ಬಿಳಿಯ ತಾನು ಬರೆದ ಪುಟ ತೆರೆದ. ಆರು ದಿನದ ಬರವಣಿಗೆಯಲ್ಲಿ ನೀಲಿ ಕಣ್ಣು ಇದೊಂದೇ ಕಡೆ ಇತ್ತು. ಪುಟ ನೋಡಿದ, ತಾತನನ್ನು ನೋಡಿದ, ಮತ್ತೆ ಪುಟ ನೋಡಿದ. ಕೊನೆಗೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಡಬ್ಬಿ ಬಿಚ್ಚಿದ.

ಇವಾಲು ಉಕ್ಕಿನ ಸೂಜಿಗೆ ನರದ ದಾರ ಪೋಣಿಸಿ ಅಟ್ಟೆಗೆ ಚುಚ್ಚಿದಳು. ಸಲೀಸಾಗಿ ಆಚೆ ಬಂತು.