ಮೇಸ್ತ್ರಿ ತಟ್ಟಿ ನೋಡಿದ ಹನ್ನೆರಡು ಬಾನೆಟ್ಟು

ಹನ್ನೆರಡರಲ್ಲಿ ಹನ್ನೊಂದು ಬಾನೆಟ್ಟುಗಳು ಆ ಭಾನುವಾರ ಬೆಳಿಗ್ಗೆಯೇ ಕಾರುಗಳ ಮೂತಿಯೇರಿ ಸಮುದ್ರದ ದಾರಿ ಹಿಡಿದಿದ್ದವು. ಹನ್ನೆರಡನೆಯದು ಮಾತ್ರ ಷೆಡ್ಡಿನಲ್ಲಿ, ಎರಡು ಸ್ಟೂಲುಗಳ ಮೇಲೆ ಕಪ್ಪಗೆ ಮಿಂಚುತ್ತ ಮಲಗಿತ್ತು. ಅದರ ಯಜಮಾನ ಬೇರೆ ಊರಿಗೆ ಹೋಗಿದ್ದ.

ಕಾರ್ಬನ್ ಫೈಬರ್ ಬಾನೆಟ್ಟು ಒಬ್ಬೊಬ್ಬರಿಗೆ ಸಿಗುವ ಮಾಲಲ್ಲ. ಈ ಹುಡುಗರ ಬಳಿ ಇದ್ದ ಹಳೇ ಮಾದರಿಯ ಕಾರಿಗೆ ಹೊಸದಾಗಿ ಅಚ್ಚು ಮಾಡಬೇಕಾದರೆ ಹತ್ತು ಜನಕ್ಕಿಂತ ಹೆಚ್ಚು ಒಟ್ಟಾಗಿ ಬನ್ನಿ ಎಂದು ಕಾರ್ಖಾನೆಯವರು ಹೇಳಿದ್ದರು. ಜನ ಕೂಡಿಸಿದವನು ಮೇಸ್ತ್ರಿಯ ಅಳಿಯನ ಗೆಳೆಯ. ಸದಾ ಹೆಸರುಗಳ ಪಟ್ಟಿ ಹಿಡಿದು ಓಡಾಡುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ‘ಪಟ್ಟಿ’. ವರ್ಷವಿಡೀ ಕಾದು, ಮಾಲು ಬಂದ ದಿನ ಹನ್ನೆರಡು ಜನವೂ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಂದಿರ ಹಾಗೆ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

ಒಳಗೆ ಮೇಸ್ತ್ರಿ ನಾಣ್ಯ ಹಿಡಿದು ಒಂದೊಂದನ್ನೇ ತಟ್ಟುತ್ತಿದ್ದ. ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಅಂಟಿನಲ್ಲಿ ಕೂರಿಸಿ ಮಾಡಿದ ವಸ್ತು ಅದು. ಒಳಗೆ ಪದರ ಬಿಟ್ಟುಕೊಂಡಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ಬಿಟ್ಟಲ್ಲಿ ಡಬ್ ಎನ್ನುತ್ತದೆ. ನಲವತ್ತು ವರ್ಷ ಗಾಡಿಗಳ ಮೈ ತಿದ್ದಿದ ಮೇಸ್ತ್ರಿ ಹನ್ನೆರಡನ್ನೂ ತಟ್ಟಿ, "ಎಲ್ಲ ಸರಿಯಾಗಿದೆ" ಎಂದಿದ್ದ.

"ಮೇಸ್ತ್ರಿ ಕಿವಿ ಇರೋವಾಗ ಎಕ್ಸ್-ರೇ ಯಾಕ್ರೋ!" ಎಂದು ಪಟ್ಟಿ ಕುಣಿದಾಡಿದ್ದ.

ಹಗುರವಾದ ಬಾನೆಟ್ಟಿಗೆ ಎರಡು ಪಕ್ಕದಲ್ಲೂ, ಮೇಲಕ್ಕೆ ಏಳದಂತೆ ಹಿಡಿಯುವ ಪಿನ್ನು ಹಾಕದೆ ಮೇಸ್ತ್ರಿ ಗಾಡಿ ಬಿಡುತ್ತಿರಲಿಲ್ಲ. ಈ ಸಲ ಹುಡುಗರು, ತೂತು ಕೊರೆದರೆ ಅಂದ ಕೆಡುತ್ತದೆ, ನೀವೇ ಸರಿ ಅಂದಿರಲ್ಲ ಎಂದರು. ಅವನು ಪಿನ್ನು ಹಾಕದೆಯೇ ಬಿಟ್ಟ. ಜಾಸ್ತಿ ಹಟ ಹಿಡಿದರೆ ಅವನ ಕಿವಿಯ ಮೇಲೆ ಅವನಿಗೇ ನಂಬಿಕೆ ಇಲ್ಲವೆಂದು ಯಾರಾದರೂ ತಿಳಿದಾರು ಎಂಬ ಅಳುಕು ಎಲ್ಲೋ ಒಳಗಿತ್ತು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಅವನು ಕೈ ತೊಳೆಯುವಷ್ಟರಲ್ಲಿ ಬಾನೆಟ್ಟನ್ನು ಮನೆಯ ಕೀಲಿಯಿಂದ ಆಟಕ್ಕೆಂದು ತಟ್ಟುತ್ತ ಬಂದಳು. ಮೂತಿಯ ಹತ್ತಿರ ಕೈ ನಿಲ್ಲಿಸಿದಳು.

"ರೀ, ಇಲ್ಲೇನು ಕೊಳೆತ ಕುಂಬಳಕಾಯಿ ಇಟ್ಟಿದ್ದಾರಾ? ಡಬ್ ಅಂತಿದೆ."

"ಎಲ್ಲಿ?"

ಅವಳು ತಟ್ಟಿದಳು. ಅಲ್ಲೊಮ್ಮೆ, ಇಲ್ಲೊಮ್ಮೆ. ಮೇಸ್ತ್ರಿಗೆ ಎರಡೂ ಒಂದೇ ತರ ಕೇಳಿಸಿತು.

"ಇನ್ನೊಂದ್ಸಲ."

"ಎಷ್ಟು ಸಲ? ಇಲ್ಲಿ ಠಣ್, ಇಲ್ಲಿ ಡಬ್. ಚಿಕ್ಕ ಮಗೂಗೂ ಗೊತ್ತಾಗತ್ತೆ."

ಮೇಸ್ತ್ರಿ ಗೋಡೆಯ ಕಡೆ ನೋಡಿದ. ಗೋಡೆಯ ಗಡಿಯಾರ ನಿಂತಿದೆಯೆಂದು ಎರಡು ವರ್ಷದ ಹಿಂದೆ ಅವನು ಎರಡು ಸಲ ಬ್ಯಾಟರಿ ಬದಲಿಸಿದ್ದ. ಮುಳ್ಳು ತಿರುಗುತ್ತಲೇ ಇತ್ತು, ಮಾತು ಕೇಳುತ್ತಿದ್ದ ಅವನಿಗೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಈಗ ಬಾನೆಟ್ಟನ್ನು ಮಗುಚಿ ಹಾಕಿದ. ಹೆಂಡತಿ ತೋರಿಸಿದ ಜಾಗದ ಅಡಿಯಲ್ಲೇ ಕೊಂಡಿ. ಬಾನೆಟ್ಟನ್ನು ಗಾಡಿಗೆ ಕಚ್ಚಿ ಹಿಡಿಯುವುದು ಅದೊಂದೇ. ಕೊಂಡಿಗೆ ಬೆರಳು ಹಾಕಿ ಜಗ್ಗಿದ. ಪದರ ಬಾಯಿ ಬಿಟ್ಟಿತು.

ಒಂದೇ ಅಚ್ಚು, ಒಂದೇ ಅಂಟು. ಹನ್ನೊಂದು ಗಾಡಿಗಳು ದೊಡ್ಡ ರಸ್ತೆಯಲ್ಲಿ ಗಾಳಿಗೆ ಎದೆ ಕೊಟ್ಟು ಓಡುತ್ತಿವೆ. ಒಂದರ ಕೊಂಡಿ ಬಿಟ್ಟರೂ ಬಾನೆಟ್ಟು ಎದ್ದು ಮುಂದಿನ ಗಾಜಿಗೆ ಬಡಿಯುತ್ತದೆ. ಅಂಥದ್ದೊಂದು ಗಾಜಿನ ಹಿಂದೆ ಅಳಿಯ ಇದ್ದಾನೆ, ಪಕ್ಕದಲ್ಲಿ ಮಗಳಿದ್ದಾಳೆ.

ಮಗಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಅಳಿಯ ಎತ್ತಲಿಲ್ಲ. ಹಾಡು ಜೋರಾಗಿ ಹಾಕಿರುತ್ತಾರೆ. ಮತ್ತೆ ಮಾಡಿದ. ಬೆರಳು ತಪ್ಪಿ ಬೇರೆ ಯಾರಿಗೋ ಹೋಯಿತು. ಹೆಂಡತಿ ಫೋನ್ ಕಿತ್ತುಕೊಂಡು ಪಟ್ಟಿಯ ನಂಬರು ಒತ್ತಿ, ಸ್ಪೀಕರ್ ಹಾಕಿ ಅವನ ಮುಂದೆ ಹಿಡಿದಳು.

"ಹೇಳಿ ಮೇಸ್ತ್ರಿ! ನೂರಿಪ್ಪತ್ತರಲ್ಲಿ ಹೋಗ್ತಿದೀವಿ, ಬಾನೆಟ್ಟು ಅಲುಗಾಡ್ತಿಲ್ಲ!"

"ನಿಲ್ಸಪ್ಪ. ಎಲ್ಲರನ್ನೂ ನಿಲ್ಸು. ಷೆಡ್ಡಲ್ಲಿರೋದ್ರ ಕೊಂಡಿ ಹತ್ರ ಪದರ ಬಿಟ್ಟಿದೆ."

"ನಮ್ಮದನ್ನ ನೀವೇ ತಟ್ಟಿದ್ರಲ್ಲ? ಅದು ಆ ಒಂದು ಪೀಸು ಇರ್ಬೇಕು. ಮುಂದೆ ಪೆಟ್ರೋಲ್ ಬಂಕಲ್ಲಿ ನೋಡೋಣ, ಇನ್ನೇನು ನಲವತ್ತು ಕಿಲೋಮೀಟರು."

ಕಾರ್ಖಾನೆಯವರೇ ಫೋನ್ ಮಾಡಿ ಹೇಳಿದರು ಎನ್ನೋಣವೆಂದು ಮೇಸ್ತ್ರಿ ಬಾಯಿ ತೆರೆದ. ಆದರೆ ಪಟ್ಟಿ ಕಾರ್ಖಾನೆಯನ್ನು ನಂಬುವವನಲ್ಲ, ನಂಬಿದ್ದು ಈ ಕಿವಿಯನ್ನು. ಆ ನಂಬಿಕೆಯನ್ನು ಕೆಡವದೆ ಗಾಡಿ ನಿಲ್ಲುವುದಿಲ್ಲ.

"ಆ ಪೀಸೂ ನಾನೇ ಪಾಸ್ ಮಾಡಿದ್ದು ಕಣಪ್ಪ. ನಂಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ನಾನು ತಟ್ಟಿದ್ದಕ್ಕೆ ಬೆಲೆ ಇಲ್ಲ."

ಹೆಂಡತಿ ತಿರುಗಿ ಅವನನ್ನೇ ನೋಡಿದಳು. ಆಮೇಲೆ ಪಟ್ಟಿಯ ದನಿ ಬೇರೆಯಾಗಿತ್ತು. "ನಿಧಾನ ಮಾಡ್ತಿದೀನಿ. ಹಾರ್ನ್ ಹಾಕಿ ಹಿಂದಿನೋರಿಗೂ ಹೇಳ್ತೀನಿ. ಫೋನ್ ಇಡ್ಬೇಡಿ."

ಆ ಹೊತ್ತು ಕಳೆಯಲಾರದಷ್ಟು ಉದ್ದವಿತ್ತು. ಫೋನಿನೊಳಗೆ ಕಾರಿನ ಒಂದೊಂದು ಬಾಗಿಲು ಬಡಿದಾಗಲೂ ಮೇಸ್ತ್ರಿ ಬೆಚ್ಚಿದ. ಕೊನೆಗೆ ಮಗಳ ದನಿ ಬಂತು.

"ಅಪ್ಪಾ, ನಾಣ್ಯ ಇದೆ. ನಾನು ತಟ್ತೀನಿ. ಚಿಕ್ಕೋಳಿದ್ದಾಗ ನೀನೇ ಹೇಳಿಕೊಟ್ಟಿದ್ಯಲ್ಲ."

ಫೋನನ್ನು ಬಾನೆಟ್ಟಿನ ಮೇಲಿಟ್ಟು ಅವಳು ತಟ್ಟತೊಡಗಿದಳು. ಮೇಸ್ತ್ರಿಗೆ ಕೇಳಿದ್ದು ಗಾಳಿ ಮಾತ್ರ. ಅವನು ಫೋನು ಬಿಟ್ಟು ಹೆಂಡತಿಯ ಮುಖ ನೋಡುತ್ತ ಕೂತ. ಪಟ್ಟಿಯದು ಮೊದಲು. ಹೆಂಡತಿ ತಲೆಯಾಡಿಸಿದಳು, ಸರಿ. ಎರಡನೆಯದು ಸರಿ. ಮೂರು, ನಾಲ್ಕು, ಐದು ಸರಿ. ಆರನೆಯದಕ್ಕೆ ಹೆಂಡತಿಯ ಹುಬ್ಬು ಕೂಡಿತು, ಕೈ ಬಂದು ಅವನ ತೋಳು ಹಿಡಿಯಿತು.

"ಅಪ್ಪಾ... ಡಬ್ ಅಂತು. ಇರು, ಇವರು ಎಳೆದು ನೋಡ್ತಿದಾರೆ." ಏನೋ ಕಿತ್ತ ಸದ್ದು. ಅದು ಅವನಿಗೂ ಕೇಳಿಸಿತು. "ಅಯ್ಯೋ, ಕೊಂಡಿ ಕೈಗೇ ಬಂತು."

"ಯಾರದು?"



"ನಮ್ಮದು ಅಪ್ಪಾ."

ಮೇಸ್ತ್ರಿ ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

"ಇನ್ನೂ ಐದಿದೆ," ಎಂದ. "ತಟ್ಟು ಮಗಳೇ. ನಿಮ್ಮಮ್ಮ ಕೇಳ್ತಿದಾಳೆ."